ಗುಜರಿಗೆ ಹಾಕುವ ಮೊದಲು ಸೈಕಲ್ ಅಂಗಡಿಗೊಮ್ಮೆ ಹೋಗಿ ಬನ್ನಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡಿಸುತ್ತಿದ್ದೆವು. ಗುಜರಿಯವನು ಒಂದು ಸೈಕಲ್ ಫ್ರೇಮನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮುಖ ಹುಳ್ಳಗೆ ಮಾಡಿದ. "ಇದೆಂತ ಸಾರ್, ಎರಡು ಕೆಜಿ ಚಿಲ್ಲರೆ ಅಷ್ಟೇ. ಒಳಗೆ ಪೂರಾ ಟೊಳ್ಳು" ಎಂದ. ಅವನಿಗೆ ನಷ್ಟ ಅನಿಸಿದ್ದು ಅದರ ಹಗುರ. ನನಗೆ ಅದೇ ಕೇಳಿ ಕಿವಿ ನೆಟ್ಟಗಾಯಿತು, ಯಾಕೆಂದರೆ ಕಬ್ಬಿಣದ ಸೈಕಲ್ ಫ್ರೇಮು ಅಷ್ಟು ಹಗುರ ಇರಲು ಸಾಧ್ಯವೇ ಇಲ್ಲ, ಇದ್ದರೆ ಅದು ಬೇರೆ ಏನೋ ಇರಬೇಕು ಅಲ್ವಾ?

ಬೇರೆಯೇ ಆಗಿತ್ತು. ಅದು ನಮ್ಮ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದವರು ಊರಿಗೆ ಬರುವಾಗ ತಂದ ರೇಸ್ ಸೈಕಲ್ಲಿನ ಫ್ರೇಮು. ಬರೀ ಫ್ರೇಮು ಮತ್ತು ಫೋರ್ಕು. ಉಳಿದದ್ದು ಇಲ್ಲೇ ತಗೊಂಡರಾಯಿತು ಅಂದುಕೊಂಡರಂತೆ. ಇಲ್ಲಿ ಸಿಗುತ್ತಿದ್ದ ಚಕ್ರ ಅದಕ್ಕೆ ಕೂರಲಿಲ್ಲ, ಆಗ ಹೊರಗಿನಿಂದ ಸಾಮಾನು ತರಿಸುವುದು ಈಗಿನಷ್ಟು ಸುಲಭವೂ ಇರಲಿಲ್ಲ. ದೊಡ್ಡಪ್ಪ ಸ್ಕೂಟರ್ ತಗೊಂಡರು. ಫ್ರೇಮು ಅಡುಗೆಮನೆ ಮೇಲಿನ ಅಟ್ಟ ಸೇರಿತು. ಒಂದು ದಿನವೂ ರಸ್ತೆ ಕಾಣದೆ, ಒಲೆಯ ಬಿಸಿಗೆ ಬೆಚ್ಚಗೆ, ನಲವತ್ತಕ್ಕೂ ಹೆಚ್ಚು ಮಳೆಗಾಲ ಅಲ್ಲೇ ಮಲಗಿತ್ತು. ಕೊಟ್ಟಿಗೆಯಲ್ಲಿ ಇಟ್ಟಿದ್ದರೆ ನಮ್ಮ ಕಡೆಯ ಮಳೆಗೆ ಎರಡೇ ವರ್ಷದಲ್ಲಿ ಪುಡಿಯಾಗುತ್ತಿತ್ತು. ಸುತ್ತಿದ್ದುದು ಕನ್ನಡ ಪೇಪರಿನಲ್ಲಿ. ನಿಮ್ಮದೇ ಪತ್ರಿಕೆ ಇದ್ದರೂ ಇರಬಹುದು, ಹೆಸರಿರುವ ತುದಿಯನ್ನು ಇಲಿ ತಿಂದಿತ್ತು.

ಮಸಿ ಒರೆಸಿದಾಗ ಸೀಟಿನ ಕೆಳಗಿನ ಪೈಪಿನ ಮೇಲೆ 'ರೆನಾಲ್ಡ್ಸ್ 531' ಎಂಬ ಚೀಟಿ ಕಂಡಿತು. ಬರ್ಮಿಂಗ್‌ಹ್ಯಾಮಿನ ಕಂಪನಿ ಅದು. 1935ರಲ್ಲಿ ಈ ಪೈಪು ಹೊರಗೆ ತಂದರು. ಉಕ್ಕಿಗೆ ಮ್ಯಾಂಗನೀಸ್, ಮಾಲಿಬ್ಡಿನಮ್ ಸೇರಿಸಿ ಗಟ್ಟಿ ಮಾಡಿದ್ದು. ಪೈಪಿನ ಎರಡು ತುದಿ ದಪ್ಪ, ಮಧ್ಯ ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಬೆಸುಗೆ ಬೀಳುವ ಕಡೆ ಮಾತ್ರ ದಪ್ಪ ಬೇಕು, ಉಳಿದ ಕಡೆ ಸುಮ್ನೆ ಯಾಕೆ ಭಾರ ಹೊರುವುದು ಎನ್ನುವ ಲೆಕ್ಕ. ಗುಜರಿಯವನು ಹೇಳಿದ ಟೊಳ್ಳು ಇದೇ. ಮತ್ತೆ ಪೈಪಿಗೆ ಪೈಪು ನೇರ ವೆಲ್ಡಿಂಗ್ ಮಾಡಿಲ್ಲ, ಲಗ್ ಎನ್ನುವ ತೋಳಿನೊಳಗೆ ಕೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿದ್ದಾರೆ. ಇಂಥ ಫ್ರೇಮು ನಿಮ್ಮಲ್ಲಿದ್ದು ಬಿರುಕು ಬಿಟ್ಟಿದ್ದರೆ ದಯವಿಟ್ಟು ಗೇಟು ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ಯಬೇಡಿ. ತೆಳು ಪೈಪು ಸುಟ್ಟು ತೂತಾಗುತ್ತದೆ.

ಇನ್ನು ನಾನು ಈ ಪತ್ರ ಬರೆಯಲು ಕಾರಣವಾದ ವಿಷಯ. ಫ್ರೇಮನ್ನು ಶಿವಮೊಗ್ಗಕ್ಕೆ ತಂದು ಮೊದಲು ಹೋದದ್ದು ಗಾಜಿನ ಬಾಗಿಲಿನ, ಏಸಿ ಇರುವ ಒಂದು ಹೊಸ ಅಂಗಡಿಗೆ. ಹೆಸರು ಬೇಡ. ಅಲ್ಲಿನ ಹುಡುಗ ಒಳ್ಳೆಯವನೇ, ಆದರೆ ಅವನು ಕಂಡದ್ದೆಲ್ಲ ಡಬ್ಬಿಯಿಂದ ತೆಗೆದು ಜೋಡಿಸುವ ಸೈಕಲ್ಲು. ಪೆಡಲ್ ಅಚ್ಚು ಕೂರುವ ಜಾಗಕ್ಕೆ ಎರಡು ಕಡೆಯಿಂದ ಕಪ್, ಅಂದರೆ ಬೇರಿಂಗಿನ ಬಾಲು ಕೂರುವ ಬಟ್ಟಲು, ತಿರುಗಿಸಿ ಹಾಕಬೇಕು. ಬಲಗಡೆಯ ಕಪ್ಪನ್ನು ಎಲ್ಲ ಬೋಲ್ಟಿನ ಹಾಗೆ ಬಲಕ್ಕೆ ತಿರುಗಿಸಿದ. ಹಿಡಿಯಲಿಲ್ಲ. ಉದ್ದದ ಸ್ಪ್ಯಾನರ್ ತಂದ. ಕಿರ್ ಅಂತ ಒಂದು ಸದ್ದು ಬಂತು ನೋಡಿ, ನನ್ನ ಹೊಟ್ಟೆಯೊಳಗೇ ಏನೋ ಹರಿದ ಹಾಗಾಯಿತು.

ಅಲ್ಲಿಂದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿರುವ, ನಾವೆಲ್ಲ ಸಾಬ್ರು ಅಂತಲೇ ಕರೆಯುವ ಹಿರಿಯರ ಹತ್ತಿರ ಓಡಿದೆ. ಎಪ್ಪತ್ತು ದಾಟಿದೆ ಅವರಿಗೆ. ಅಂಗಡಿ ಎಂದರೆ ಒಂದು ಶಟರು, ಒಂದು ಪಂಪು, ಪಂಕ್ಚರ್ ನೋಡುವ ನೀರಿನ ಬೋಗುಣಿ. ಫ್ರೇಮಿನೊಳಗೆ ಬೆರಳು ಹಾಕಿ ಒಂದು ಸುತ್ತು ಸವರಿದರು. "ಯಾರು ಮಾರಾಯ್ರೇ ಇದಕ್ಕೆ ಕೈ ಹಾಕಿದ್ದು? ಬಲಗಡೆ ಕಪ್ ಉಲ್ಟಾ ಥ್ರೆಡ್ ಅಲ್ವಾ?" ಎಂದರು.

ವಿಷಯ ಇಷ್ಟೇ. ಪೆಡಲ್‌ಗಳಲ್ಲಿ ಎಡಗಡೆಯದಕ್ಕೆ ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್ ಇರುತ್ತದೆ, ಸೈಕಲ್ ಬಿಚ್ಚಿದವರಿಗೆಲ್ಲ ಗೊತ್ತು. ಕಪ್ಪಿನಲ್ಲಿ ಅದು ಬಲಗಡೆಗೆ. ತುಳಿಯುವಾಗ ಒಳಗಿನ ಬಾಲುಗಳು ಉರುಳುತ್ತ ಉರುಳುತ್ತ ಕಪ್ಪನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇರುತ್ತವೆ, ಆ ತಿರುಗು ಕಪ್ಪನ್ನು ಬಿಚ್ಚುವ ಕಡೆಗೆ ಆಗಬಾರದು, ಅದಕ್ಕೇ ಉಲ್ಟಾ. ಇಟಲಿಯ ಹಳೇ ಫ್ರೇಮುಗಳಲ್ಲಿ ಎರಡೂ ಕಡೆ ನೇರ ಥ್ರೆಡ್ಡೇ, ಅವರ ಬಲಗಡೆ ಕಪ್ ಸಡಿಲವಾಗುವ ತಕರಾರು ಜಗತ್ತಿಗೆಲ್ಲ ಗೊತ್ತು. ನಮ್ಮದಕ್ಕೆ ಇರುವುದು ಇಂಗ್ಲಿಷ್ ಥ್ರೆಡ್. ಬಿಎಸ್‌ಎ ಥ್ರೆಡ್ ಅಂತಲೂ ಕರೆಯುತ್ತಾರೆ. ಆ ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕಿನ ಕಾರ್ಖಾನೆ! ಸೈಕಲ್ಲಿಗೂ ಬಂದೂಕಿಗೂ ಎಂತ ನಂಟು ನೋಡಿ.

ಫ್ರೇಮಿನ ಹಾಳಾದ ಥ್ರೆಡ್ ಸರಿಮಾಡಲು ಸಾಬ್ರು ಒಂದು ಡಬ್ಬದಿಂದ ಹಳೇ ಉಕ್ಕಿನ ಕಪ್ ಹುಡುಕಿದರು. ಅರದಿಂದ ಅದರ ಥ್ರೆಡ್ಡಿಗೆ ಅಡ್ಡವಾಗಿ ನಾಲ್ಕು ಕಡೆ ಗೆರೆ ಕೊರೆದರು. ಎಣ್ಣೆ ಹಚ್ಚಿ, ಎಡಕ್ಕೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಅರ್ಧ ಮುಂದೆ. ಕೊರೆದ ಗೆರೆಗಳಲ್ಲಿ ಲೋಹದ ಪುಡಿ ಬಂದು ತುಂಬಿಕೊಳ್ಳುತ್ತಿತ್ತು, ತೆಗೆದು ಒರೆಸಿ ಮತ್ತೆ ಹಾಕುತ್ತಿದ್ದರು. ಮುಕ್ಕಾಲು ಗಂಟೆ ಆಯಿತು. ಆಮೇಲೆ ಹೊಸ ಕಪ್ ಬೆರಳಲ್ಲೇ ತಿರುಗಿಸಿದರೆ ಹೋಗಿ ಕೂತಿತು. ಹೀಗೆ ಥ್ರೆಡ್ ಕೊರೆಯಲೆಂದೇ ಇರುವ ಟ್ಯಾಪು ಎನ್ನುವ ಸಾಧನ ಬೇಕೆಂದರೆ ದುಡ್ಡು ಜಾಸ್ತಿ, ನಮ್ಮೂರಿನ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ.

ಆಮೇಲೆ ಎಲ್ಲ ಕೆಲಸ ಅವರ ಶಟರಿನ ಮುಂದೆಯೇ ನಡೆಯಿತು, ಭಾನುವಾರ ಭಾನುವಾರ. ನನಗೆ ಸಿಕ್ಕ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ, 126 ಮಿಲಿಮೀಟರ್ ಅಗಲ, ಫ್ರೇಮಿನ ಹಿಂಬದಿ ಇದ್ದದ್ದು 120. ಆ ಕಾಲದ ಐದು ಗೇರಿನ ಅಳತೆ ಅದು. ಅಲ್ಯೂಮಿನಿಯಂ ಫ್ರೇಮಾಗಿದ್ದರೆ ಅಲ್ಲಿಗೇ ಮುಗೀತು. ಉಕ್ಕನ್ನು ಬಾಗಿಸಬಹುದು. ಚಕ್ರ ಕೂರುವ ಒಂದು ಕಿವಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಪೈಪಿಗೆ ಸುತ್ತು ಹಾಕಿ ತಂದು, ಇನ್ನೊಂದು ಕಿವಿಗೆ ಬಿಗಿದರು. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ಸ್ಕೇಲ್ ಹಿಡಿದು ನೋಡಿದರು. ಎರಡೂ ಕಡೆ ಸಮ. ಮರದ ರೀಪು ಸಿಕ್ಕಿಸಿ ಒಂದೊಂದೇ ಕಡೆ ಎಳೆದರು, ಪ್ರತಿ ಸಲವೂ ದಾರ ನೋಡಿದರು. "ಮೂರು ಮಿಲಿ ಬೇಕಾದ್ರೆ ಹತ್ತು ಮಿಲಿ ಎಳೀಬೇಕು, ಉಳಿದಿದ್ದು ಅದೇ ವಾಪಸ್ ತಗೊಳ್ಳುತ್ತೆ" ಎಂದರು.

ಚಕ್ರ ಹೆಣೆಯುವಾಗ ಮಾತ್ರ ಅವರಿಗೇ ಸ್ವಲ್ಪ ಗೊಂದಲ ಆಯಿತು. ನಮ್ಮ ಹಾಲಿನವರ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಇದರದ್ದು ಎರಡೂ 36. "ಹಿಂದೆ ನಾಲ್ಕು ಕದ್ದು ಮುಂದೆ ಕೊಟ್ಟವ್ರೆ" ಎಂದು ನಕ್ಕರು. ಆದರೆ ಹೆಣಿಗೆಯ ಲೆಕ್ಕ ಕೈಯಲ್ಲೇ ಇತ್ತು. ಒಂದೊಂದು ಕಡ್ಡಿ ಮೂರು ಕಡ್ಡಿ ದಾಟಿ ರಿಮ್ಮಿಗೆ ಹೋಗಬೇಕು, ಮೂರನೆಯದನ್ನು ದಾಟುವಾಗ ಅಡಿಗೆ ನುಗ್ಗಬೇಕು. ಬೆಂಡ್ ತೆಗೆಯುವಾಗ ಕಡ್ಡಿಯನ್ನು ಬೆರಳಿನಿಂದ ಮೀಟಿ ಕಿವಿ ಕೊಡುತ್ತಿದ್ದರು. ಹಿಂದಿನ ಚಕ್ರದಲ್ಲಿ ಗೇರಿರುವ ಬಲಗಡೆಯ ಕಡ್ಡಿ ಎಡಗಡೆಯದಕ್ಕಿಂತ ಬಿಗಿ ಇರಬೇಕು, ಅದರ ಸ್ವರ ಮೇಲಿರುತ್ತದೆ. ನನಗೆ ಎರಡೂ ಟಿಣ್ ಅಂತಲೇ ಕೇಳಿತು. ಅವರು ಕಣ್ಣು ಮುಚ್ಚಿಕೊಂಡೇ "ಇದು ಸಡ್ಲ" ಎಂದು ಕಡ್ಡಿ ಬಿಗಿಯುವ ನಿಪ್ಪಲ್ ತಿರುಗಿಸುತ್ತಿದ್ದರು.

ಉಳಿದದ್ದು ಬೇಗ ಹೇಳುತ್ತೇನೆ. ಆ ಫ್ರೇಮು 27 ಇಂಚಿನ ಚಕ್ರಕ್ಕೆ ಮಾಡಿದ್ದು, ಅದರ ಟಯರ್ ಈಗ ಸಿಗುವುದು ಕಷ್ಟ, ಹಾಗಾಗಿ ಅದಕ್ಕಿಂತ ತುಸು ಚಿಕ್ಕದಾದ 700ಸಿ ಅಳತೆಯ ಚಕ್ರ ಹಾಕಿದೆವು. ರಿಮ್ಮು 4 ಮಿಲಿಮೀಟರ್ ಕೆಳಗೆ ಬರುತ್ತದೆ, ಬ್ರೇಕಿನ ರಬ್ಬರನ್ನೂ ಅಷ್ಟೇ ಇಳಿಸಬೇಕು. ಸೀಟಿನ ಕಂಬ 27.2 ಮಿಲಿಮೀಟರ್, 27 ಹಾಕಿದರೆ ಜಾರುತ್ತದೆ. ಪೆಡಲ್ ಅಚ್ಚಿಗೆ ಒಂದೊಂದು ಕಡೆ ಕಾಲಿಂಚಿನ ಬಾಲು ಹನ್ನೊಂದು. ಗ್ರೀಸಿನಲ್ಲಿ ಅಂಟಿಸಿದ ಬಾಲೊಂದು ಜಾರಿ ಚರಂಡಿಗೆ ಬಿತ್ತು, ಅದನ್ನು ಹುಡುಕಿದ ಕಥೆ ಬೇಡ. ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ಪೈಪುಗಳೊಳಗೆ ಸುರಿದು, ಎಲ್ಲ ಕಡೆ ತಿರುಗಿಸಿ, ಬಸಿದು ಒಣಗಿಸಿದೆ. ಮಲೆನಾಡಿನಲ್ಲಿ ಫ್ರೇಮು ಹೊರಗಿನಿಂದಲ್ಲ, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಣ್ಣ ಮಾತ್ರ ಹಾಗೇ ಬಿಟ್ಟೆ. ಹಳೇ ಬಣ್ಣ ಕೆರೆದು ಪಳಪಳ ಹೊಸದು ಬಳಿಯುವುದು ನನಗಂತೂ ಸರಿ ಕಾಣುವುದಿಲ್ಲ. ಹಳೇ ಸೈಕಲ್ಲಿಗೆ ಹೂಕುಂಡ ಕಟ್ಟಿ ಹೋಟೆಲ್ ಮುಂದೆ ನಿಲ್ಲಿಸುವವರ ಬಗ್ಗೆ ಹೇಳಲು ಹೋದರೆ ನೀವು ಅಚ್ಚು ಹಾಕುವುದಿಲ್ಲ.

ಖರ್ಚಿನ ಬಗ್ಗೆ ಸುಳ್ಳು ಹೇಳಲಾರೆ. ಬಿಡಿಭಾಗಕ್ಕೆ ಹೋದ ದುಡ್ಡಿನಲ್ಲಿ ಹೊಸ ಗೇರ್ ಸೈಕಲ್ಲೇ ಬರುತ್ತಿತ್ತು. ಆದರೆ ಕಳೆದ ಭಾನುವಾರ ಬೆಳಿಗ್ಗೆ ತುಂಗೆಯ ಪಕ್ಕದ ದಾರಿ ಹಿಡಿದು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬಂದೆ. ಹೋಗುವಾಗ ಸುಮಾರು 30 ಕಿಲೋಮೀಟರ್. ಗೇರ್ ಲಿವರ್ ಫ್ರೇಮಿನ ಕೆಳಪೈಪಿನ ಮೇಲಿದೆ, ಟಕ್ ಅಂತ ಬೀಳುವುದಿಲ್ಲ, ಕೈ ಬಗ್ಗಿಸಿ ಚೈನಿನ ಸದ್ದು ಕೇಳುತ್ತ ಸರಿಮಾಡಿಕೊಳ್ಳಬೇಕು. ಮೊದಲ ಹತ್ತು ಕಿಲೋಮೀಟರ್ ಗರಗರ ಅಂದದ್ದೇ ಅಂದದ್ದು. ರಸ್ತೆಯ ಸಣ್ಣ ನಡುಕ ಆ ತೆಳು ಪೈಪಿನಲ್ಲೇ ಎಲ್ಲೋ ಕರಗಿ ಹೋಗುತ್ತದೆ, ಅಂಗೈಗೆ ಬರುವುದಿಲ್ಲ. ಆಗುಂಬೆ ಘಾಟಿಗೆ ಯಾವಾಗ ಎಂದು ಮಗಳು ಕೇಳುತ್ತಾಳೆ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ ಚಿಕ್ಕದಕ್ಕೆ 42 ಹಲ್ಲು, ಹಿಂದೆ ದೊಡ್ಡದಕ್ಕೆ 28. ಅತಿ ಹಗುರದ ಗೇರಿನಲ್ಲೂ ಪೆಡಲ್ಲಿನ ಒಂದು ಪೂರ್ತಿ ಸುತ್ತಿಗೆ ಸೈಕಲ್ಲು ಮೂರು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಹದಿನಾಲ್ಕು ತಿರುವು ಅದರಲ್ಲಿ ಹತ್ತುವ ಮಂಡಿ ನನ್ನದಲ್ಲ. ಇಳಿಯಬಹುದು, ಅಷ್ಟೇ.

ಈಗ ನನ್ನ ತಕರಾರು. ಪ್ರತಿ ಜೂನ್ 3ಕ್ಕೆ ವಿಶ್ವ ಸೈಕಲ್ ದಿನ ಎಂದು ಟೀ ಶರ್ಟ್ ಹಾಕಿಕೊಂಡು ಜಾಥಾ ಮಾಡುತ್ತೇವೆ, ಫೋಟೊ ಪೇಪರಿನಲ್ಲಿ ಬರುತ್ತದೆ. 2020ರಲ್ಲಿ ಅದೇ ದಿನ ಅಟ್ಲಾಸ್ ಸೈಕಲ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಕಾರ್ಖಾನೆ ನಮ್ಮ ಕೈಯಲ್ಲಿಲ್ಲ, ಸರಿ. ಓಣಿಯ ಶಟರು ನಮ್ಮ ಕೈಯಲ್ಲಿದೆಯಲ್ಲ? ಸಾಬ್ರ ಇಬ್ಬರು ಮಕ್ಕಳೂ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಕಪ್ಪಿಗೆ ಗೆರೆ ಕೊರೆಯುವುದು, ದಾರ ಕಟ್ಟಿ ಫ್ರೇಮು ನೋಡುವುದು, ಕಡ್ಡಿ ಮೀಟಿ ಬಿಗಿ ಹೇಳುವುದು, ಇದನ್ನು ಅವರಿಂದ ಕಲಿತವರು ಯಾರೂ ಇಲ್ಲ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆಯವರು ನಾವು. ಇಲ್ಲಿ ಒಂದು ಒಳ್ಳೆ ಉಕ್ಕಿನ ಫ್ರೇಮನ್ನು ಕೆಜಿ ಲೆಕ್ಕದಲ್ಲಿ ತೂಗುವವರೇ ಸಿಗುತ್ತಾರೆ, ಜೋಡಿಸುವವರು ಸಿಗುವುದಿಲ್ಲ ಎಂದರೆ ಹೇಗೆ?

ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಫಿಟ್ಟರ್ ಓದುವ ಹುಡುಗರಿದ್ದಾರೆ. ತಿಂಗಳಿಗೆ ಒಂದು ಶನಿವಾರ ಇಂಥ ಹಿರಿಯರನ್ನು ಕರೆಸಿ, ಗೌರವಧನ ಕೊಟ್ಟು, ಒಂದು ಚಕ್ರ ಹೆಣೆಸಲಿ. ಅದಕ್ಕೆ ದೊಡ್ಡ ಯೋಜನೆ, ಉದ್ಘಾಟನೆ, ಹಾರ ಏನೂ ಬೇಡ. ಭಾಷಣಕ್ಕೆ ಕರೆದರೆ ಸಾಬ್ರು ಬರುವುದೂ ಇಲ್ಲ, ಕೇಳಿ ನೋಡಿದ್ದೇನೆ. ನಿಮ್ಮ ಪತ್ರಿಕೆಯಿಂದ ಯಾರಾದರೂ ಒಬ್ಬರು ಒಂದು ಬೆಳಿಗ್ಗೆ ಅಂಥ ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿ ಬರೆದರೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ.

ಓದುಗರಿಗೆ ಒಂದು ಕೋರಿಕೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೇ ಸೈಕಲ್ ಸಿಕ್ಕರೆ ಗುಜರಿಯವನನ್ನು ಕೂಗುವ ಮೊದಲು ಹತ್ತಿರದ ಹಳೇ ಸೈಕಲ್ ಅಂಗಡಿಗೆ ಒಯ್ದು ತೋರಿಸಿ. ಅವರು ಬೇಡ ಎಂದರೆ ಆಮೇಲೆ ತೂಗಿಸಿ. ಇನ್ನೊಂದು, ಇದು ಸ್ವಂತಕ್ಕೆ. ನನ್ನ ಫ್ರೇಮಿನಲ್ಲಿ ಹಿಂದಿನ ಬ್ರೇಕಿನ ಕೇಬಲ್ ಹಿಡಿಯಲು ಕೊಂಡಿ ಬೆಸೆದಿಲ್ಲ, ಮೇಲಿನ ಪೈಪಿಗೆ ಕ್ರೋಮಿನ ಕ್ಲಿಪ್ಪು ಹಾಕುವ ಪದ್ಧತಿ ಆಗ. ಮೂರು ಬೇಕು, ಒಂದು ಇಂಚಿನ ಪೈಪಿಗೆ ಕೂರುವಂಥದ್ದು. ಸದ್ಯಕ್ಕೆ ಕರೆಂಟಿನವರ ಕಪ್ಪು ಟೇಪು ಸುತ್ತಿದ್ದೇನೆ, ನೋಡಿದಾಗಲೆಲ್ಲ ಸಾಬ್ರು ಮುಖ ಆ ಕಡೆ ತಿರುಗಿಸುತ್ತಾರೆ. ಯಾರ ಮನೆಯ ಡಬ್ಬದಲ್ಲಾದರೂ ಇದ್ದರೆ ಎಸೆಯಬೇಡಿ.

ಇತಿ,
ನಿಮ್ಮ ಓದುಗ,
ವಿನೋಬನಗರ, ಶಿವಮೊಗ್ಗ