ಮಗಳಿಗೊಂದು ಪತ್ರ: ಬೈಂಡ್ ಬಿಚ್ಚು

ಕಲಬುರಗಿ
ಭಾನುವಾರ ಸಂಜೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿ ನಕ್ಕುಬಿಟ್ಟೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಅನ್ನುವ ಹಳೆ ಪುಸ್ತಕ ಕೊಂಡೆಯಂತೆ. ಅದರ ಮುಖಪುಟದ ಮೇಲೆ ಸಿನಿಮಾ ಪೋಸ್ಟರ್ ಇತ್ತಂತೆ. ರೂಮಿನ ಗೆಳತಿ ನೋಡಿ, ನಿಜವಾಗಿ ಓದುವವರು ಇಂಥದ್ದು ಕೊಳ್ಳುವುದಿಲ್ಲ ಅಂದಳಂತೆ. ನೀನು ಪೇಪರ್ ಹಾಳೆಯಿಂದ ಅದಕ್ಕೆ ಬೈಂಡ್ ಹಾಕಿದೆಯಂತೆ, ಶಾಲೆಯ ಮಕ್ಕಳು ಹಾಕುವ ಹಾಗೆ. ನೀನು ನಕ್ಕೆ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಆ ಬೈಂಡ್ ತಲೆಯಿಂದ ಹೋಗಲಿಲ್ಲ. ನಿನ್ನಪ್ಪ ಮಲಗಿದ್ದಾರೆ. ಐದೂವರೆಯಾದರೂ ಬಿಸಿಲು ಇಳಿದಿಲ್ಲ, ಫ್ಯಾನಿನ ಗಾಳಿಯೇ ಬಿಸಿ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿ ಮುಗಿಯಿತು. ಕೂತು ಬರೆಯುತ್ತಿದ್ದೇನೆ.

ನಿನಗೆ ನಾನು ಪೂರ್ತಿ ಹೇಳದ ಕತೆ ಒಂದಿದೆ. ನಿನ್ನವ್ವ ಓದುವ ಹುಚ್ಚು ಹತ್ತಿಸಿಕೊಂಡದ್ದು ಶಾಲೆಯಲ್ಲಿ ಅಲ್ಲ. ಟಾಕೀಸಿನಿಂದ. ಅದೂ ಟಾಕೀಸಿಗೆ ಹೋಗದೆ.

ಆಗಿನ್ನೂ ಇದು ಗುಲ್ಬರ್ಗ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಬಿಡುತ್ತಿರಲಿಲ್ಲ. ವರ್ಷಕ್ಕೊಂದು ದೇವರ ಸಿನಿಮಾ, ಅಜ್ಜಿಯ ಸೆರಗು ಹಿಡಿದು. ನಿನ್ನ ದೊಡ್ಡ ಮಾಮ ಮಾತ್ರ ಎಲ್ಲ ನೋಡುತ್ತಿದ್ದ. ಕನ್ನಡ, ಹಿಂದಿ, ತೆಲುಗು, ಯಾವುದನ್ನೂ ಬಿಡುತ್ತಿರಲಿಲ್ಲ. ಬರುವಾಗ ಅವನ ಕಿಸೆಯಲ್ಲಿ ಒಂದು ಪದ್ಯಾವಳಿ ಇರುತ್ತಿತ್ತು. ನಿನಗೆ ಆ ಶಬ್ದವೇ ಗೊತ್ತಿರಲಿಕ್ಕಿಲ್ಲ. ಸಿನಿಮಾ ಹಾಡಿನ ಪುಸ್ತಕ. ಟಾಕೀಸಿನ ಬಾಗಿಲಲ್ಲಿ, ಶರಣಬಸಪ್ಪ ಅಪ್ಪನ ಜಾತ್ರೆಯಲ್ಲಿ ಚೀಲ ಹಾಸಿಕೊಂಡು ಮಾರುತ್ತಿದ್ದರು. ಕೆಲವೇ ಪೈಸೆ. ಒರಟು ಕಾಗದ, ಕೈಗೆ ಶಾಯಿ ಮೆತ್ತುವ ಅಚ್ಚು, ಕವರಿನ ಮೇಲೆ ನಾಯಕ ನಾಯಕಿಯ ಮಸುಕು ಮುಖ. ಈಗ ನಿಮ್ಮ ಅಂಗಡಿಗಳಲ್ಲಿ ಸಿನಿಮಾದ ಹೆಸರಲ್ಲಿ ಮಾರುವ ಪುಸ್ತಕಕ್ಕೆ 'ಮೂವಿ ಟೈ-ಇನ್' ಅಂತ ಕರೆಯುತ್ತಾರಲ್ಲ, ನಮ್ಮ ಟೈ-ಇನ್ ಅದೇ.

ಹಾಡುಗಳಿಗಿಂತ ಮೊದಲು ಒಂದೋ ಎರಡೋ ಪುಟ ಕಥಾಸಾರ ಇರುತ್ತಿತ್ತು. ಕತೆ ಜೋರಾಗಿ ಓಡುತ್ತಿತ್ತು. ತಾಯಿ ಸಾಯುತ್ತಾಳೆ, ಅಣ್ಣ ತಮ್ಮ ಅಗಲುತ್ತಾರೆ, ನಾಯಕಿಯ ಮೇಲೆ ಸುಳ್ಳು ಆರೋಪ. ಸರಿಯಾಗಿ ಅಲ್ಲಿ ನಿಲ್ಲಿಸಿಬಿಡುತ್ತಿದ್ದರು. ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ!

ನೋಡುವುದು ಹೇಗೆ? ಮಾಮನ ಕಾಲು ಹಿಡಿಯಬೇಕು. ಅವನು ಪುಕ್ಕಟೆ ಹೇಳುವವನಲ್ಲ. ಅಂಗಿ ಮಡಚಿಟ್ಟರೆ ಅರ್ಧ ಕತೆ. ನನ್ನ ಪಾಲಿನ ಶೇಂಗಾ ಹೋಳಿಗೆ ಕೊಟ್ಟರೆ ಕೊನೆ. ಅದರಲ್ಲೂ ಮೋಸ. ಒಂದೇ ಸಿನಿಮಾಕ್ಕೆ ನನಗೊಂದು ಕೊನೆ, ನಿನ್ನ ಸಣ್ಣ ಮಾಮನಿಗೆ ಇನ್ನೊಂದು. ನನಗೆ ಹೇಳಿದ್ದರಲ್ಲಿ ನಾಯಕಿ ಬದುಕಿದಳು, ಅವನಿಗೆ ಹೇಳಿದ್ದರಲ್ಲಿ ಸತ್ತಳು. ನಾವಿಬ್ಬರೂ ಜಗಳವಾಡಿ ಅಜ್ಜಿಯ ಹತ್ತಿರ ಹೋದರೆ, 'ಇಬ್ಬರೂ ಸಾಯ್ರಿ, ನನ್ನ ಜಪ ಕೆಡಸಬ್ಯಾಡ್ರಿ' ಅಂದಳು.

ಒಂದು ದಿನ 'ನಾಗರಹಾವು' ಪದ್ಯಾವಳಿ ಸಿಕ್ಕಿತು. ಆ ಸಿನಿಮಾ ಬಂದದ್ದು 1972ರ ಕೊನೆಗೆ. ನನಗೆ ಪದ್ಯಾವಳಿ ಸಿಕ್ಕಾಗ ಅದು ಎಷ್ಟು ಕೈ ದಾಟಿತ್ತೋ, ಹಾಳೆಯೆಲ್ಲ ಮೆತ್ತಗಾಗಿತ್ತು. ಅದರಲ್ಲಿ ಪುಟ್ಟಣ್ಣ ಕಣಗಾಲ್ ಹೆಸರಿನ ಜೊತೆ ಕಾದಂಬರಿ ತ.ರಾ.ಸು. ಅಂತ ಅಚ್ಚಾಗಿತ್ತು. ಎಷ್ಟೋ ಪದ್ಯಾವಳಿಗಳಲ್ಲಿ ಇಂಥ ಸಾಲು ನೋಡಿದ್ದೆ. ಅವತ್ತು ಮಾತ್ರ ತಲೆಗೆ ಹೊಳೆಯಿತು. ಅಂದರೆ ಈ ಕತೆ ಪೂರ್ತಿಯಾಗಿ ಎಲ್ಲೋ ಬರೆದಿಟ್ಟಿದ್ದಾರೆ! ಇದರ ಕೊನೆ ಮಾಮನ ಹೊಟ್ಟೆಯಲ್ಲಿಲ್ಲ, ಗ್ರಂಥಾಲಯದಲ್ಲಿದೆ!

ಹೋಳಿಗೆ ಉಳಿಸಿಕೊಂಡೆ. ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಇನ್ನೊಂದು ಗಮ್ಮತ್ತು. ಆ ಸಿನಿಮಾ ಒಂದು ಕಾದಂಬರಿಯದಲ್ಲ, ಮೂರು ಕಾದಂಬರಿಗಳದು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಮೊದಲ ಎರಡು ಯಾರೋ ಒಯ್ದಿದ್ದರು. ಕಪಾಟಿನಲ್ಲಿ ಇದ್ದದ್ದು 'ಸರ್ಪ ಮತ್ಸರ' ಒಂದೇ. ಅದನ್ನೇ ತಂದೆ. ಹಾವನ್ನು ಬಾಲದಿಂದ ಹಿಡಿದವಳು ನಾನು! ಉಳಿದೆರಡಕ್ಕೆ ವಾರವಾರ ಅಲೆದೆ. ಅಲೆಯುವಾಗ ಪಕ್ಕದ ಕಪಾಟಿನ ಪುಸ್ತಕಗಳೂ ಕೈಗೆ ಬಂದವು. ತ್ರಿವೇಣಿ ಸಿಕ್ಕರು. ಅವರ ಕಾದಂಬರಿಗಳಿಂದ 'ಬೆಳ್ಳಿಮೋಡ' ಸಿನಿಮಾ ಬಂದದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಎರಡನ್ನೂ ಅವರು ನೋಡಲಿಲ್ಲ ಅಂತ ಗೊತ್ತಾದಾಗ ಅತ್ತಿದ್ದೆ. ಸಿನಿಮಾ ನೋಡದ ಇನ್ನೊಬ್ಬ ಹೆಣ್ಣುಮಗಳು ಸಿಕ್ಕಳು ಅನ್ನಿಸಿತು. ಹುಡುಗಾಟದ ವಯಸ್ಸು, ಬಿಡು.

ಟಿ.ಕೆ. ರಾಮರಾವ್ ಸಿಕ್ಕಿದ್ದೂ ಹಾಗೆಯೇ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಅವರೇ 'ಬಂಗಾರದ ಮನುಷ್ಯ' ಬರೆದದ್ದು ಅಂದರೆ ನಿನ್ನ ಮಾಮ ಇವತ್ತಿಗೂ ನಂಬುವುದಿಲ್ಲ.

2018ರಲ್ಲಿ 'ನಾಗರಹಾವು' ಹೊಸ ಡಿಜಿಟಲ್ ರೂಪದಲ್ಲಿ ಮತ್ತೆ ಬಂತಲ್ಲ, ನಾವಿಬ್ಬರೂ ಹೋಗಿದ್ದೆವು, ನೆನಪಿದೆಯಾ? ನೀನು ಪಾಪ್‌ಕಾರ್ನ್ ತಿನ್ನುತ್ತಾ ನನ್ನ ಮುಖ ನೋಡಿದೆ. 'ಯಾಕವ್ವ ಅಳ್ತೀ, ಇನ್ನೂ ಸ್ಟಾರ್ಟೇ ಆಗಿಲ್ಲ' ಅಂದೆ. ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೂ, ದೊಡ್ಡ ಪರದೆಯ ಮೇಲೆ ಅದನ್ನು ನಾನು ನೋಡಿದ್ದು ಅದೇ ಮೊದಲು. ನಲವತ್ತು ವರ್ಷದ ಹಿಂದಿನ ಪದ್ಯಾವಳಿಯ 'ಬೆಳ್ಳಿತೆರೆಯ ಮೇಲೆ ನೋಡಿ' ಅನ್ನುವ ಮಾತನ್ನು ಅವತ್ತು ನಡೆಸಿಕೊಟ್ಟೆ.

ಆ ಸಿನಿಮಾ ತ.ರಾ.ಸು. ಅವರಿಗೆ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಬೇಸರ ಪಟ್ಟರು ಅಂತ ಎಲ್ಲರೂ ಹೇಳುತ್ತಾರೆ. ಬರೆದವರಿಗೆ ಆ ಸಿಟ್ಟು ಸಹಜ. ನನಗೆ ಆ ಜಗಳದಲ್ಲಿ ಪಕ್ಷ ಇಲ್ಲ. ನನಗೆ ಎರಡೂ ಹಾವು ಬೇಕು. ಚಾಮಯ್ಯ ಮೇಷ್ಟ್ರು ಅಂದರೆ ಪುಸ್ತಕದ ಸಾಲು ಓದುವಾಗಲೂ ನನಗೆ ಕಾಣುವುದು ಅಶ್ವತ್ಥ್ ಅವರ ಮುಖ. ಇದು ನಷ್ಟವೇ, ಒಪ್ಪುತ್ತೇನೆ. ಸಿನಿಮಾ ನೋಡುವ ಮೊದಲು ನನ್ನ ಮೇಷ್ಟ್ರಿಗೆ ನಮ್ಮ ಓಣಿಯ ಒಬ್ಬ ಮಾಸ್ತರರ ಮುಖ ಇತ್ತು. ಆ ಮುಖ ಹೋಗೇಬಿಟ್ಟಿತು, ಈಗ ಎಷ್ಟು ನೆನೆದರೂ ಬರುವುದಿಲ್ಲ. ಪೋಸ್ಟರ್ ಕವರ್ ಮೇಲೆ ನನಗಿರುವ ದೂರು ಇದೊಂದೇ. ಪುಟ ತೆರೆಯುವ ಮೊದಲೇ ಮುಖ ಹಂಚಿಬಿಡುತ್ತದೆ. ನಿನ್ನ ಗೆಳತಿ ಈ ಮಾತು ಹೇಳಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಓದುವವರು, ಓದದವರು ಅನ್ನುವ ಜಾತಿ ಯಾಕೆ ಮಾಡಬೇಕು?

ಅವಳಿಗೆ 'ಜುರಾಸಿಕ್ ಪಾರ್ಕ್' ಸುದ್ದಿ ಹೇಳು. ಆ ಪೋಸ್ಟರಿನ ಮೇಲಿನ ಎಲುಬಿನ ಗೂಡು ಸಿನಿಮಾದವರು ಬರೆಸಿದ್ದಲ್ಲ. 1990ರಲ್ಲಿ ಮೈಕಲ್ ಕ್ರೈಟನ್ ಅವರ ಕಾದಂಬರಿ ಬಂದಾಗ ಅದರ ಮುಖಪುಟಕ್ಕೆ ಚಿಪ್ ಕಿಡ್ ಅನ್ನುವ ವಿನ್ಯಾಸಕಾರರು ಬರೆದದ್ದು. ಮೂರು ವರ್ಷದ ಮೇಲೆ ಸಿನಿಮಾ ಅದನ್ನು ತನ್ನ ಗುರುತು ಮಾಡಿಕೊಂಡಿತು. ಅಂದರೆ ಪೋಸ್ಟರ್ ಪುಸ್ತಕಕ್ಕೆ ಬಂದದ್ದಲ್ಲ, ಪುಸ್ತಕವೇ ಪೋಸ್ಟರಿಗೆ ಹೋದದ್ದು. ಈಗ ಆ ಕವರಿಗೂ ಬೈಂಡ್ ಹಾಕುತ್ತಾಳೇನು?

ನಾನು ಅದನ್ನು ಹಿಂದಿಯಲ್ಲಿ ನೋಡಿದ್ದು, ನಿನ್ನಪ್ಪನ ಜೊತೆ, ಮದುವೆಯ ಹೊಸದರಲ್ಲಿ. ಅಮೆರಿಕದವರೆಲ್ಲ ಶುದ್ಧ ಹಿಂದಿ ಮಾತಾಡುತ್ತಿದ್ದರು, ಜನ ಸೀಟಿ ಹೊಡೆಯುತ್ತಿದ್ದರು. ಆಮೇಲೆ ಹೈದರಾಬಾದಿಗೆ ಹೋದಾಗ ಆಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ಪುಸ್ತಕ ಸಿಕ್ಕಿತು. ಡಿಕ್ಷನರಿ ಇಟ್ಟುಕೊಂಡು ಓದಿದೆ. ಓದಿದರೆ ಎಲ್ಲ ಉಲ್ಟಾ. ಸಿನಿಮಾದಲ್ಲಿ ಆ ಪಾರ್ಕ್ ಕಟ್ಟಿದ ಮುದುಕ ಒಳ್ಳೆಯ ತಾತ, ಬದುಕಿ ಉಳಿಯುತ್ತಾನೆ. ಪುಸ್ತಕದಲ್ಲಿ ಅವನು ದುರಾಸೆಯವನು, ಸಣ್ಣ ಸಣ್ಣ ಡೈನೋಸಾರ್‌ಗಳ ಬಾಯಿಗೆ ಸಿಕ್ಕು ಸಾಯುತ್ತಾನೆ. ಮಾಲ್ಕಮ್ ಅನ್ನುವ ಗಣಿತದವನು ಪುಸ್ತಕದಲ್ಲಿ ಸಾಯುತ್ತಾನೆ, ಸಿನಿಮಾದಲ್ಲಿ ಬದುಕುತ್ತಾನೆ. ಜನರಿಗೆ ಅವನು ಇಷ್ಟವಾದ. 1995ರಲ್ಲಿ ಎರಡನೇ ಪುಸ್ತಕ ಬಂದಾಗ ಕ್ರೈಟನ್ ಏನು ಮಾಡಿದರು ಗೊತ್ತಾ? ಸತ್ತವನನ್ನು ಎಬ್ಬಿಸಿ ಕೂರಿಸಿದರು! ಅವನು ಸತ್ತ ಅನ್ನುವ ಸುದ್ದಿಯೇ ಸುಳ್ಳು ಅಂತ. ಅದನ್ನು ಓದಿ ನನಗೆ ದೊಡ್ಡ ಮಾಮ ನೆನಪಾದ. ಅವನಿಗೂ ಇದೇ ಕಸುಬು, ಒಂದು ಹೋಳಿಗೆಗೆ ಒಬ್ಬರನ್ನು ಬದುಕಿಸುತ್ತಿದ್ದ.

ಆರ್ಥರ್ ಕ್ಲಾರ್ಕ್ ಮಾಡಿದ್ದೂ ಸ್ವಲ್ಪ ಹೀಗೆ. '2001: ಎ ಸ್ಪೇಸ್ ಒಡಿಸ್ಸಿ' ಕಾದಂಬರಿ ಮತ್ತು ಸಿನಿಮಾ ಎರಡೂ 1968ರವು, ಒಟ್ಟಿಗೇ ಬೆಳೆದವು. ಪುಸ್ತಕದಲ್ಲಿ ನೌಕೆ ಶನಿ ಗ್ರಹಕ್ಕೆ ಹೋಗುತ್ತದೆ. ಸಿನಿಮಾದವರಿಗೆ ಶನಿಯ ಬಳೆ ನಂಬುವ ಹಾಗೆ ತೋರಿಸಲು ಆಗಲಿಲ್ಲ, ಗುರುವಿನಲ್ಲೇ ನಿಲ್ಲಿಸಿದರು. ಮುಂದಿನ ಪುಸ್ತಕ ಬರೆಯುವಾಗ ಕ್ಲಾರ್ಕ್ ಸಿನಿಮಾದ ದಾರಿಯನ್ನೇ ಹಿಡಿದರು.

ಇನ್ನು ಸಿನಿಮಾ ನೋಡಿಯೇ ಬರೆಸಿದ ಕಾದಂಬರಿಗಳು. ಅವುಗಳನ್ನು ಕಂಡರೆ ಎಲ್ಲರೂ ಮೂಗು ಮುರಿಯುತ್ತಾರೆ. ಬಹಳಷ್ಟು ಕೆಟ್ಟವೇ, ನಾನು ಸುಳ್ಳು ಹೇಳುವುದಿಲ್ಲ. ಅವಸರದಲ್ಲಿ ಬರೆಸಿದ್ದು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆದರೂ ಅವುಗಳಲ್ಲಿ ಒಂದು ಮಜಾ ಇದೆ. ಸಿನಿಮಾ ಮುಗಿಯುವ ಮೊದಲೇ ಸ್ಕ್ರಿಪ್ಟ್ ಕೈಗೆ ಕೊಟ್ಟು ಬರೆಸುತ್ತಾರಲ್ಲ, ಹಾಗಾಗಿ ಎಡಿಟಿಂಗ್‌ನಲ್ಲಿ ಕತ್ತರಿಸಿದ ಸೀನುಗಳು ಪುಸ್ತಕದಲ್ಲಿ ಉಳಿದುಬಿಡುತ್ತವೆ. ದರ್ಜಿ ಹತ್ತಿರ ಉಳಿದ ಬಟ್ಟೆಯ ತುಂಡು ಸಿಕ್ಕ ಹಾಗೆ. 'ಕಿಂಗ್ ಕಾಂಗ್' ಸಿನಿಮಾ 1933ರದು, ಅದರ ಪುಸ್ತಕ 1932ರಲ್ಲೇ ಬಂದಿತ್ತು. 'ಸ್ಟಾರ್ ವಾರ್ಸ್' ಪುಸ್ತಕವೂ ಸಿನಿಮಾಕ್ಕಿಂತ ಆರು ತಿಂಗಳು ಮೊದಲೇ, 1976ರ ಕೊನೆಗೆ ಬಂತು. ಕವರಿನ ಮೇಲೆ ಹೆಸರು ಜಾರ್ಜ್ ಲೂಕಸ್ ಅಂತ. ಬರೆದವರು ಅಲನ್ ಡೀನ್ ಫಾಸ್ಟರ್ ಅನ್ನುವ ಬೇರೊಬ್ಬರು.

ನಮ್ಮಲ್ಲೂ ಈಗ ಶುರುವಾಗಿದೆ. 'ಬಾಹುಬಲಿ'ಯ ಶಿವಗಾಮಿಯ ಹಿಂದಿನ ಕತೆಯನ್ನು ಆನಂದ ನೀಲಕಂಠನ್ ಮೂರು ಪುಸ್ತಕ ಬರೆದರು, ಮೊದಲನೆಯದು 2017ರಲ್ಲಿ. ನಿನ್ನಪ್ಪ ಓದುವ ಪುಸ್ತಕಗಳೇ ಕಡಿಮೆ. ಅದನ್ನು ಓದಿದರು. ಸುಮ್ನೆ ಅಲ್ಲ, ಊಟಕ್ಕೆ ಕರೆದರೂ ಏಳಲಿಲ್ಲ!

ಸರಿ, ನೀನು ಕೊಂಡ ಪುಸ್ತಕಕ್ಕೆ ಬರುತ್ತೇನೆ. ವಿಕಾಸ್ ಸ್ವರೂಪ್ ಅದನ್ನು 2005ರಲ್ಲಿ ಬರೆದಾಗ ಅದರ ಹೆಸರು 'ಕ್ಯೂ ಅಂಡ್ ಎ'. 2008ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಸಿನಿಮಾ ಬಂತು, ಪುಸ್ತಕವೂ ಆ ಹೆಸರು ಹಾಕಿಕೊಂಡಿತು. ಮದುವೆಯಾದ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾದ ಹಾಗೆ. ಹೊಸ್ತಿಲು ದಾಟಿ ಒಳಗೆ ಹೋದರೆ ಹಳೇ ಮನುಷ್ಯನೇ ಇದ್ದಾನೆ. ಸಿನಿಮಾದ ಹುಡುಗ ಜಮಾಲ್ ಮಲಿಕ್. ಪುಸ್ತಕದ ಹುಡುಗ ರಾಮ್ ಮೊಹಮ್ಮದ್ ಥಾಮಸ್. ಅನಾಥ ಮಗು, ಯಾವ ಧರ್ಮದವನೋ ಗೊತ್ತಿಲ್ಲ, ಅದಕ್ಕೇ ಮೂರೂ ಹೆಸರು. ಬಂದೇನವಾಜರ ಉರುಸಿಗೂ ಹೋಗಿ ಶರಣಬಸಪ್ಪನ ತೇರಿಗೂ ಉತ್ತತ್ತಿ ಎಸೆಯುವ ನಮ್ಮೂರಿನವರಿಗೆ ಆ ಹೆಸರು ಕೇಳಿದರೆ ನಗು ಬರುತ್ತದೆ, ಪ್ರೀತಿಯೂ ಬರುತ್ತದೆ. ಸಿನಿಮಾದವರು ಅದನ್ನು ಕೈಬಿಟ್ಟದ್ದು ನನಗೆ ಇವತ್ತಿಗೂ ಸೇರುವುದಿಲ್ಲ. ಸಿನಿಮಾದಲ್ಲಿ ಹುಡುಗ ತನ್ನ ಕತೆ ಹೇಳುವುದು ಪೊಲೀಸಿಗೆ. ಪುಸ್ತಕದಲ್ಲಿ ಒಬ್ಬ ವಕೀಲೆಗೆ. ಅವಳು ಯಾಕೆ ಬಂದಳು ಅನ್ನುವುದನ್ನು ನಾನು ಹೇಳುವುದಿಲ್ಲ. ಇದಕ್ಕೂ ಹೋಳಿಗೆ ಬೇಕು.

ನಮ್ಮ ಗೀತಾ ನಾಗಭೂಷಣ ಅವರದೂ ಒಂದಿದೆ. ಸಾವಳಗಿಯವರು, ಇದೇ ಜಿಲ್ಲೆ. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದವರು. ಅವರ 'ಹಸಿಮಾಂಸ ಮತ್ತು ಹದ್ದುಗಳು' ಸಿನಿಮಾ ಆಯಿತು, ಹೆಸರು 'ಹೆಣ್ಣಿನ ಕೂಗು'. ನಮ್ಮ ಕಡೆಯ ಹೆಣ್ಣುಮಕ್ಕಳ ಮಾತು, ಬೈಗುಳ, ಹಸಿವು ಎಲ್ಲ ಇರುವ ಕಾದಂಬರಿ. ಓದಿದ್ದೇನೆ. ಸಿನಿಮಾ ಮಾತ್ರ ನೋಡಿಲ್ಲ. ನಿನಗೆ ಎಲ್ಲಾದರೂ ಸಿಕ್ಕರೆ ಹೇಳು, ಒಟ್ಟಿಗೆ ನೋಡೋಣ.

ನಿನ್ನ ಕಾಲದ್ದೂ ಒಂದು ಹೇಳಿಬಿಡುತ್ತೇನೆ. 2023ರ 'ಡೇರ್‌ಡೆವಿಲ್ ಮುಸ್ತಾಫಾ'. ತೇಜಸ್ವಿಯವರ ಸಣ್ಣ ಕತೆ. ಒಂದು ಚಹಾ ಆರುವುದರೊಳಗೆ ಓದಿ ಮುಗಿಸಬಹುದು. ತೇಜಸ್ವಿ ಓದುಗರೇ ದುಡ್ಡು ಹಾಕಿ ಅದನ್ನು ಎರಡು ಗಂಟೆ ಮೀರುವ ಸಿನಿಮಾ ಮಾಡಿಸಿದರು. 'ನಾಗರಹಾವಿ'ನಲ್ಲಿ ಮೂರು ಕಾದಂಬರಿ ಹಿಂಡಿ ಒಂದು ಸಿನಿಮಾ, ಇಲ್ಲಿ ಒಂದು ಕತೆ ಹಿಗ್ಗಿ ಒಂದು ಸಿನಿಮಾ. ಎರಡನ್ನೂ ಪುಸ್ತಕ ಪಕ್ಕಕ್ಕಿಟ್ಟುಕೊಂಡು ನೋಡು. ಎಲ್ಲಿ ನೀರು ಹಾಕಿದರು, ಎಲ್ಲಿ ಬತ್ತಿಸಿದರು ಅಂತ ಗೊತ್ತಾಗುತ್ತದೆ. ಅಡುಗೆ ಮಾಡುವವಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ನೀನು ಅಡುಗೆ ಮಾಡುವುದಿಲ್ಲ, ಆ ಮಾತು ಬೇರೆ.

ನಾಳೆ ರಾತ್ರಿಯ ಗಾಡಿಗೆ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಾರೆ. ಶೇಂಗಾ ಹಿಂಡಿ, ಸಜ್ಜೆಯ ಕಡಕ್ ರೊಟ್ಟಿ ಕಳಿಸುತ್ತಿದ್ದೇನೆ. ರೊಟ್ಟಿಯ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪದ್ಯಾವಳಿ ಇದೆ, ಎಣ್ಣೆ ತಾಗಿಸಬೇಡ. ನನ್ನ ಹತ್ತಿರ ಉಳಿದದ್ದು ಅದೊಂದೇ. ಮೇಲಿನ ಹಾಳೆ ಹರಿದುಹೋಗಿದೆ. ಯಾವ ಸಿನಿಮಾದ್ದು ಅಂತ ನನಗೂ ಗೊತ್ತಿಲ್ಲ. ಇಬ್ಬರು ಅಕ್ಕತಂಗಿಯರು, ಒಂದು ಕಳೆದುಹೋದ ಪತ್ರ, ಮಳೆಯಲ್ಲಿ ಬಂಡಿ ಸಿಕ್ಕಿಬೀಳುತ್ತದೆ, ಅಷ್ಟಕ್ಕೆ ನಿಲ್ಲುತ್ತದೆ. ಮಾಮನಿಗೂ ನೆನಪಿಲ್ಲ. ಅಥವಾ ನೆನಪಿದ್ದೂ ಹೇಳುತ್ತಿಲ್ಲ.

ಹಾಡಿನ ಒಂದು ಸಾಲು ಮೊಬೈಲಿಗೆ ಹಾಕಿದರೆ ಸಿನಿಮಾದ ಹೆಸರು ಬಂದುಬಿಡುತ್ತದೆ ಅಂತ ನನಗೆ ಗೊತ್ತು. ಹಾಕಬೇಡ. ಹಾಕಿದರೂ ನನಗೆ ಹೇಳಬೇಡ.

ಆ ಬೈಂಡ್ ಬಿಚ್ಚು. ಹಿಂಡಿಯ ಡಬ್ಬಿ ವಾಪಸ್ ತಾ, ಹೋದ ಸಲದ್ದೇ ಇನ್ನೂ ಬಂದಿಲ್ಲ.

ನಿನ್ನ
ಅವ್ವ