ಪಿಕಪ್ ವಾಹನಗಳಿಗೂ ಸುರಕ್ಷತಾ ಸ್ಟಾರ್ ಬೇಕು

ಮಾನ್ಯ ಸಂಪಾದಕರೇ,

ಭಾರತ್ ಎನ್‌ಕ್ಯಾಪ್ ಎಂಬ, ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಅಪಘಾತ ಪರೀಕ್ಷಾ ವ್ಯವಸ್ಥೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ, ಕಾರು ಕೊಳ್ಳುವವರು ಮೈಲೇಜಿನ ಜೊತೆಗೆ ‘ಎಷ್ಟು ಸ್ಟಾರ್?’ ಎಂದೂ ವಿಚಾರಿಸುವುದು ರೂಢಿಯಾಗುತ್ತಿದೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ನಮ್ಮ ಹಳ್ಳಿಗಳ ದುಡಿಮೆಗೆಲ್ಲ ಆಧಾರವಾಗಿರುವ ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್ ಮುಂತಾದ ಸಣ್ಣ ಸರಕು ವಾಹನಗಳಿಗೆ ಈ ಸ್ಟಾರ್ ಪಡೆಯಲು ನಿಯಮದಲ್ಲೇ ಅವಕಾಶವಿಲ್ಲ. ಇದನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಬಯಸುತ್ತೇನೆ.

ಭಾರತ್ ಎನ್‌ಕ್ಯಾಪ್ ಅನ್ವಯವಾಗುವುದು ‘ಎಂ1’ ವರ್ಗಕ್ಕೆ, ಅಂದರೆ ಚಾಲಕನನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳಿಗೆ ಮಾತ್ರ. ಅವುಗಳ ಒಟ್ಟು ತೂಕ 3.5 ಟನ್ ಮೀರಬಾರದು. ಅಷ್ಟೇ ತೂಕದ ಮಿತಿಯಲ್ಲಿರುವ ಸರಕು ವಾಹನ ‘ಎನ್1’ ವರ್ಗಕ್ಕೆ ಸೇರುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಈ ಪರೀಕ್ಷೆಯಿಂದ ಹೊರಗುಳಿಯುತ್ತದೆ. ಏರ್‌ಬ್ಯಾಗ್ ವಿಷಯದಲ್ಲೂ ಇದೇ ಕಥೆ. ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದಲೂ, ಪಕ್ಕದ ಆಸನದ ಏರ್‌ಬ್ಯಾಗ್ 2022ರ ಜನವರಿಯಿಂದಲೂ ಕಡ್ಡಾಯವಾಗಿವೆ, ಆದರೆ ಆ ಆದೇಶಗಳೂ ಎಂ1 ವರ್ಗಕ್ಕೇ ನಿಂತುಹೋದವು. ಸರಕಿನ ಗಾಡಿಯೊಳಗೂ ಮನುಷ್ಯರೇ ಕೂತಿರುತ್ತಾರೆ, ಅದೂ ಕಾರಿನ ಮಾಲೀಕರಿಗಿಂತ ಎಷ್ಟೋ ಹೆಚ್ಚು ಹೊತ್ತು, ಬಹುಪಾಲು ರಾತ್ರಿ ಹೊತ್ತಿನಲ್ಲಿ.

ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ ಪಿಕಪ್ಪನ್ನೇ ನೋಡಿ. ಒಂದು ಬಾಕ್ಸಿಗೆ 15 ಕೆ.ಜಿ.ಯಂತೆ, 1.3 ಟನ್ ಹೊರುವ ಗಾಡಿಯಲ್ಲಿ ಸುಮಾರು 85 ಬಾಕ್ಸ್ ಹಾಕಬಹುದು. ಸುಗ್ಗಿಯಲ್ಲಿ ಅಷ್ಟಕ್ಕೇ ನಿಲ್ಲಿಸುವವರು ಕಡಿಮೆ, ಆದ್ದರಿಂದ ಬಾಕ್ಸುಗಳ ಸಾಲು ಕ್ಯಾಬಿನ್‌ಗಿಂತ ಎತ್ತರಕ್ಕೆ ಏರಿರುತ್ತದೆ. ಅದನ್ನು ಹಿಡಿದಿರುವುದು ಒಂದೆರಡು ಹಗ್ಗ. ಕ್ಯಾಬಿನ್‌ನಲ್ಲಿ ಚಾಲಕ, ಎಡಗಡೆ ಬೆಳೆಗಾರ, ನಡುವೆ ಗೇರ್ ಲಿವರಿಗೆ ಮೊಣಕಾಲು ತಾಗಿಸಿಕೊಂಡು ಕೂತ ಮತ್ತೊಬ್ಬ, ಅವನಿಗೆ ಬೆಲ್ಟ್ ಇಲ್ಲ. ಭಾರತ್ ಎನ್‌ಕ್ಯಾಪ್‌ನ ಮುಂಭಾಗದ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 18 ಮೀಟರ್ ಸಾಗುತ್ತಿರುತ್ತದೆ. ಡಿಕ್ಕಿಯಾಗಿ ಗಾಡಿ ಥಟ್ಟನೆ ನಿಂತರೂ ಹಿಂದಿನ ಲೋಡ್ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗಿ ಕ್ಯಾಬಿನ್ನಿನ ಹಿಂಬದಿಯ ತಗಡಿಗೆ ಅಪ್ಪಳಿಸುತ್ತದೆ. ಏಸ್‌ನಂಥ ಸಣ್ಣ ಗಾಡಿಗಳು ಹೊರುವ ಭಾರ ಅವುಗಳ ಸ್ವಂತ ತೂಕಕ್ಕೆ ಹೆಚ್ಚುಕಡಿಮೆ ಸಮನಾದುದರಿಂದ, ಲೋಡ್ ತುಂಬಿದಾಗ ಡಿಕ್ಕಿಯಲ್ಲಿ ತಡೆದುಕೊಳ್ಳಬೇಕಾದ ಶಕ್ತಿ ಇಮ್ಮಡಿಯ ಹತ್ತಿರ ಬರುತ್ತದೆ. ಮೇಲಾಗಿ ಅಂಥ ಗಾಡಿಗಳಿಗೆ ಮುಂದೆ ಬಾನೆಟ್ಟೂ ಇಲ್ಲ. ಕಾರಿನಲ್ಲಿ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳಲು ಒಂದಿಷ್ಟು ಜಾಗವಿರುತ್ತದೆ, ಇಲ್ಲಿ ಆ ಜಾಗದಲ್ಲಿ ಚಾಲಕನ ಕಾಲುಗಳೇ ಇರುತ್ತವೆ.

ಈಚೆಗೆ ನಮ್ಮ ಮನೆಗೊಂದು ಪಿಕಪ್ ಕೊಳ್ಳಲು ಶೋರೂಮಿಗೆ ಹೋದಾಗ, ಡಿಕ್ಕಿಯಾದರೆ ಕ್ಯಾಬಿನ್ ಎಷ್ಟು ತಡೆಯುತ್ತದೆ ಎಂದು ವಿಚಾರಿಸಿದೆ. ಅಲ್ಲಿನ ಹುಡುಗ ವಿನಯದಿಂದಲೇ ಕೈಪಿಡಿ ತೆಗೆದು ತೋರಿಸಿದ. ಬಾಡಿಯ ಉದ್ದ ಎಷ್ಟು ಅಡಿ, ಎಷ್ಟು ಟನ್ ಹೊರುತ್ತದೆ, ಡೀಸೆಲ್ ಎಷ್ಟು ಕುಡಿಯುತ್ತದೆ, ಕಂತು ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ನನ್ನ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಆ ಹುಡುಗನ ತಪ್ಪೇನೂ ಇಲ್ಲ, ಯಾರೂ ಅಳೆದು ಪ್ರಕಟಿಸದ ಸಂಗತಿಯನ್ನು ಅವನು ಎಲ್ಲಿಂದ ಹೇಳಬೇಕು?

ಅಳೆದು ಪ್ರಕಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶಗಳಲ್ಲಿ ಒಳ್ಳೆಯ ನಿದರ್ಶನಗಳಿವೆ. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2015ರಲ್ಲಿ ಫೋರ್ಡ್ ಎಫ್-150 ಪಿಕಪ್ಪಿನ ಎರಡು ಮಾದರಿಗಳನ್ನು ಪರೀಕ್ಷಿಸಿತು. ಮುಂಭಾಗದ ಒಂದು ಮೂಲೆಯಷ್ಟೇ ತಡೆಗೆ ಬಡಿಯುವ ಆ ಪರೀಕ್ಷೆಯಲ್ಲಿ ದೊಡ್ಡ ಕ್ಯಾಬಿನ್ನಿನ ಮಾದರಿ ಉತ್ತಮ ದರ್ಜೆ ಪಡೆಯಿತು, ಅದಕ್ಕಿಂತ ಸಣ್ಣ ಕ್ಯಾಬಿನ್ನಿನದು ಬಹಳ ಕೆಳಗಿನ ದರ್ಜೆಗೆ ಇಳಿಯಿತು. ಮುಂಚಕ್ರದ ಬಳಿ ಪೆಟ್ಟು ತಡೆಯುವ ಉಕ್ಕಿನ ಸರಳುಗಳನ್ನು ಕಂಪನಿಯು ದೊಡ್ಡ ಮಾದರಿಗೆ ಮಾತ್ರ ಹಾಕಿತ್ತು. ವಿಷಯ ಬಯಲಾದ ಮರುವರ್ಷವೇ ಉಳಿದ ಮಾದರಿಗಳಿಗೂ ಅವು ಬಂದವು. ಯುರೋಪಿನಲ್ಲಿ 2016ರಲ್ಲಿ ಟೊಯೊಟಾ ಹೈಲಕ್ಸ್ ಸಾಮಾನ್ಯ ಸಲಕರಣೆಯೊಂದಿಗೆ ಮೂರು ಸ್ಟಾರ್, ಹೆಚ್ಚುವರಿ ಸುರಕ್ಷತಾ ಸಲಕರಣೆಯೊಂದಿಗೆ ಐದು ಸ್ಟಾರ್ ಪಡೆಯಿತು. ಹೆಚ್ಚುವರಿ ಹಣಕ್ಕೆ ತನಗೇನು ಸಿಗುತ್ತದೆ ಎಂಬುದು ಅಲ್ಲಿನ ಗ್ರಾಹಕನಿಗೆ ಕಣ್ಣೆದುರೇ ಇತ್ತು.

ನಮ್ಮ ಸ್ಥಿತಿಗೆ ಹೆಚ್ಚು ಹತ್ತಿರವಾದುದು ಆಫ್ರಿಕಾದ ಉದಾಹರಣೆ. ಅಲ್ಲಿ ಮಾರಾಟವಾಗುತ್ತಿದ್ದ ನಿಸ್ಸಾನ್ ಎನ್‌ಪಿ300 ಹಾರ್ಡ್‌ಬಾಡಿ ಪಿಕಪ್, ಏರ್‌ಬ್ಯಾಗ್‌ಗಳಿದ್ದೂ, ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2018ರ ಪರೀಕ್ಷೆಯಲ್ಲಿ ಸೊನ್ನೆ ಸ್ಟಾರ್ ಪಡೆಯಿತು, ಏಕೆಂದರೆ ಕ್ಯಾಬಿನ್ನೇ ಕುಸಿದಿತ್ತು. ಆಮೇಲೆ ಅದೇ ಸಂಸ್ಥೆ ಈ ಗಾಡಿಯನ್ನೂ, ಅದೇ ಕಂಪನಿ ಯುರೋಪಿನಲ್ಲಿ ಮಾರಿದ್ದ 2015ರ ನವಾರಾ ಪಿಕಪ್ಪನ್ನೂ ಎದುರುಬದುರಾಗಿ ಡಿಕ್ಕಿ ಹೊಡೆಸಿತು. ಯುರೋಪಿನ ಗಾಡಿಯ ಚಾಲಕ ಬದುಕುತ್ತಿದ್ದ, ಆಫ್ರಿಕಾದ ಗಾಡಿಯ ಚಾಲಕ ಬಹುಶಃ ಸಾಯುತ್ತಿದ್ದ ಎಂಬುದನ್ನು ಒಳಗಿದ್ದ ಪರೀಕ್ಷಾ ಗೊಂಬೆಗಳು ತೋರಿಸಿದವು. ಏರ್‌ಬ್ಯಾಗ್ ಒಂದನ್ನೇ ಕಡ್ಡಾಯ ಮಾಡಿದರೆ ಸಾಲದು, ಇಡೀ ಗಾಡಿಯನ್ನು ಗುದ್ದಿಸಿಯೇ ನೋಡಬೇಕು ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಬೆಲೆ ಏರುತ್ತದೆ, ಬಡ ಚಾಲಕ-ಮಾಲೀಕರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2014ರಲ್ಲಿ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳು ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಸೊನ್ನೆ ಸ್ಟಾರ್ ಪಡೆದಾಗಲೂ ಇಂಥದೇ ವಾದ ಕೇಳಿಬಂದಿತ್ತು. 2018ರ ಡಿಸೆಂಬರ್ ಹೊತ್ತಿಗೆ ಇಲ್ಲಿಯೇ ತಯಾರಾದ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆಯಿತು, ಜನ ಅದನ್ನು ಮುಗಿಬಿದ್ದು ಕೊಂಡರು. ಸರಕು ವಾಹನಗಳಲ್ಲೂ ಇದು ಅಸಾಧ್ಯವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಮಹೀಂದ್ರಾ ವೀರೊ ವಾಹನದಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಇದೆ. ದುಡಿಯುವ ಒಬ್ಬನೇ ಮಗ ಸ್ಟಿಯರಿಂಗ್ ಎದೆಗೆ ಒತ್ತಿ ತೀರಿಕೊಂಡ ಮೇಲೂ ಗಾಡಿಯ ಸಾಲದ ಕಂತು ಕಟ್ಟಬೇಕಾದ ಮನೆಗಳಿಗೆ ಆಗುವ ಹೊರೆಯನ್ನೂ ಈ ಲೆಕ್ಕಕ್ಕೆ ಸೇರಿಸಲೇಬೇಕು.

ಹಿಂದೆ ಬಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಬೇರೆಯೇ ಸಮಸ್ಯೆ. 2024ರ ಮೇ ತಿಂಗಳಲ್ಲಿ ಛತ್ತೀಸಗಡದ ಕಬೀರಧಾಮದಲ್ಲಿ ತೆಂದು ಎಲೆ ಕೀಳಲು ಹೋಗಿದ್ದವರ ಪಿಕಪ್ ಕಂದಕಕ್ಕೆ ಉರುಳಿ 19 ಜನ ಸತ್ತರು. ಅಂಥ ಸಾವನ್ನು ಯಾವ ಸ್ಟಾರೂ ತಪ್ಪಿಸಲಾರದು, ಅದಕ್ಕೆ ಪೊಲೀಸರ ಬಿಗಿ ತಪಾಸಣೆ ಮತ್ತು ಕೂಲಿಯವರಿಗೆ ಬಸ್ಸಿನ ಅನುಕೂಲ ಎರಡೂ ಬೇಕು.

ಆದ್ದರಿಂದ ಕೇಂದ್ರ ಸಾರಿಗೆ ಸಚಿವಾಲಯವು ಎನ್1 ವರ್ಗವನ್ನೂ ಭಾರತ್ ಎನ್‌ಕ್ಯಾಪ್ ವ್ಯಾಪ್ತಿಗೆ ತರಬೇಕು, ಮತ್ತು ಆ ಪರೀಕ್ಷೆ ಖಾಲಿ ಗಾಡಿಯ ಮೇಲಲ್ಲದೆ ಪೂರ್ತಿ ಲೋಡ್ ಹಾಕಿದ ಗಾಡಿಯ ಮೇಲೂ ನಡೆಯಬೇಕು. ಈಗಿನ ವ್ಯವಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿಕೊಳ್ಳುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ದುಡಿಯುವವರು ಕೊಳ್ಳುವ ಗಾಡಿಗಳಿಗಾದರೂ ಅದು ಕಡ್ಡಾಯವಾಗಲಿ. ನಮ್ಮ ರಾಜ್ಯ ಸರ್ಕಾರ ಕೇಂದ್ರದ ಆದೇಶಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ‘ಸ್ವಾವಲಂಬಿ ಸಾರಥಿ’ ಯೋಜನೆಯಡಿ ನಿರುದ್ಯೋಗಿ ಯುವಕರು ಸರಕು ವಾಹನ ಕೊಳ್ಳಲು ಸರ್ಕಾರವೇ ಸಹಾಯಧನ ಕೊಡುತ್ತಿದೆ. ಸಾರ್ವಜನಿಕ ಹಣದಿಂದ ಕೊಳ್ಳುವ ಆ ಗಾಡಿಗಳಲ್ಲಿ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್, ಕೂರುವ ಪ್ರತಿಯೊಬ್ಬರಿಗೂ ಬೆಲ್ಟ್, ಲೋಡ್ ತಡೆಯುವಂತೆ ಕ್ಯಾಬಿನ್ನಿನ ಹಿಂದೆ ಗಟ್ಟಿ ಕಬ್ಬಿಣದ ಚೌಕಟ್ಟು ಇರಲೇಬೇಕೆಂಬ ಷರತ್ತನ್ನು, ಸಂಬಂಧಪಟ್ಟ ಅಭಿವೃದ್ಧಿ ನಿಗಮಗಳು ಮುಂದಿನ ಸಾಲಿನ ಅರ್ಜಿ ಕರೆಯುವ ಮೊದಲೇ ಮಾರ್ಗಸೂಚಿಗೆ ಸೇರಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಟೊಮೆಟೊ ಬೆಳೆಗಾರ,
ಕೋಲಾರ ತಾಲ್ಲೂಕು