ಇಲ್ಲದ ಮುಕ್ಕಾಲು ಭೂಮಿ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ನೋಟ್‌ಬುಕ್ಕಿನ ಕೊನೇ ಪುಟ ನೋಡಿದೆ. 2.3 ಎಂದು ಬರೆದು ಅಡ್ಡಗೀಟು ಎಳೆದಿದ್ದೀಯ, ಪಕ್ಕದಲ್ಲಿ 1.6. ಎಲ್ಲರೂ ನಿನ್ನಂತೆ ಬದುಕಿದರೆ ಎಷ್ಟು ಭೂಮಿ ಬೇಕು ಅಂತ ಹೇಳುವ ಪರಿಸರ ಹೆಜ್ಜೆಗುರುತಿನ ಕ್ಯಾಲ್ಕುಲೇಟರಿಗೆ ಎರಡನೇ ಸಲ ಸ್ವಲ್ಪ ಸುಳ್ಳು ಹೇಳಿದೆ ತಾನೆ? ಜೀವಮಾನವಿಡೀ ಜಮಾ-ಖರ್ಚು ಬರೆದವನಿಗೆ ತಿದ್ದಿದ ಅಂಕಿ ಕಣ್ಣಿಗೆ ಬೀಳದೆ ಇರುತ್ತದೆಯೇ! ಬೈಯುವುದಕ್ಕೆ ಬರೆಯುತ್ತಿಲ್ಲ. ಎಷ್ಟು ತಿದ್ದಿದರೂ ಒಂದು ಭೂಮಿಗೆ ಇಳಿಯಲಿಲ್ಲ ಅಂತ ಸಪ್ಪಗಾದೆಯಲ್ಲ, ಅದಕ್ಕೆ.

ಇಳಿಯದ್ದು ನಿನ್ನೊಬ್ಬಳ ತಪ್ಪಲ್ಲ. ರಸ್ತೆ, ಆಸ್ಪತ್ರೆ, ಸೈನ್ಯ ಇವುಗಳ ಖರ್ಚನ್ನೂ ಆ ಕ್ಯಾಲ್ಕುಲೇಟರ್ ದೇಶದ ಎಲ್ಲರ ತಲೆಗೆ ಹಂಚುತ್ತದೆ. ನೀನು ಉಪವಾಸ ಕೂತರೂ ಆ ಪಾಲು ಕರಗದು.

ಈ ಲೆಕ್ಕವನ್ನು 1990ರ ದಶಕದ ಆರಂಭದಲ್ಲಿ ಕಟ್ಟಿದವರು ಕೆನಡಾದ ಪ್ರಾಧ್ಯಾಪಕ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮಥಿಸ್ ವಾಕರ್‌ನಾಗೆಲ್. ಇಷ್ಟು ನೆಲ ಎಷ್ಟು ಜನರನ್ನು ಸಾಕೀತು ಎಂಬ ಹಳೇ ಪ್ರಶ್ನೆಯನ್ನು ಅವರು ತಿರುಗಿಸಿ ಕೇಳಿದರು: ಇಷ್ಟು ಜನರನ್ನು ಸಾಕಲು, ಎಲ್ಲೇ ಇರಲಿ, ಎಷ್ಟು ನೆಲ ಬೇಕು? ನಿನ್ನ ಹತ್ತಿಯ ಅಂಗಿಯನ್ನೇ ತಗೋ. ಹತ್ತಿ ಬೆಳೆದ ಹೊಲದ ಒಂದು ತುಣುಕು ನಿನ್ನ ಹೆಸರಿಗೆ ಬರುತ್ತದೆ. ಗಿರಣಿಗಾಗಿ ಸುಟ್ಟ ಕಲ್ಲಿದ್ದಲಿನ ಇಂಗಾಲವನ್ನು ಹೀರಲು ಬೇಕಾದ ಕಾಡಿನ ತುಣುಕೂ ಬರುತ್ತದೆ. ಹೀಗೆ ಉಳುಮೆಯ ನೆಲ, ಹುಲ್ಲುಗಾವಲು, ಮರಮುಟ್ಟಿನ ಕಾಡು, ಮೀನಿನ ನೀರು, ಕಟ್ಟಡದ ಜಾಗ, ಇಂಗಾಲ ಹೀರುವ ಕಾಡು, ಎಲ್ಲವನ್ನೂ ‘ಜಾಗತಿಕ ಹೆಕ್ಟೇರ್’ ಎಂಬ ಒಂದೇ ಅಳತೆಗೆ ತಂದು ಕೂಡಿಸುತ್ತಾರೆ. ಕಲ್ಲುನೆಲವೂ ಗದ್ದೆಯೂ ಸಮವಲ್ಲವಾದ್ದರಿಂದ ಇದು ಸರಾಸರಿ ಫಲವತ್ತತೆಯ ಹೆಕ್ಟೇರ್.

ಭೂಮಿ ವರ್ಷವೊಂದರಲ್ಲಿ ಮತ್ತೆ ಬೆಳೆಸಿಕೊಡಬಲ್ಲದ್ದನ್ನು ನಮ್ಮ ಬಳಕೆಯಿಂದ ಭಾಗಿಸಿ 365ರಿಂದ ಗುಣಿಸಿದರೆ ಒಂದು ತಾರೀಖು ಸಿಗುತ್ತದೆ, ಭೂಮಿಯ ಆ ವರ್ಷದ ಗಳಿಕೆಯನ್ನು ನಾವು ಖರ್ಚು ಮಾಡಿ ಮುಗಿಸುವ ದಿನ. 2025ಕ್ಕೆ ಸಿಕ್ಕಿದ್ದು ಜುಲೈ 24, ವರ್ಷದ 205ನೇ ದಿನ. 365ನ್ನು 205ರಿಂದ ನೀನೇ ಭಾಗಿಸಿ ನೋಡು, ಸುಮಾರು ಒಂದೂಮುಕ್ಕಾಲು ಬರುತ್ತದೆ. ಅಂದರೆ ನಾವೆಲ್ಲ ಸೇರಿ ಬಳಸುತ್ತಿರುವುದು ಒಂದೂಮುಕ್ಕಾಲು ಭೂಮಿ. ಲಾಕ್‌ಡೌನಿನ 2020ರಲ್ಲಿ ಇದೇ ದಿನ ಆಗಸ್ಟ್ 22ಕ್ಕೆ ಸರಿದಿತ್ತು. ಹಿಂದಿನ ವರ್ಷ ಘೋಷಿಸಿದ್ದಕ್ಕಿಂತ ಬರೀ ಮೂರೂವರೆ ವಾರ ತಡ! ಜಗತ್ತೇ ಬಾಗಿಲು ಹಾಕಿಕೊಂಡರೂ ಅಷ್ಟೇ.

ಇಲ್ಲದ ಆ ಮುಕ್ಕಾಲು ಭೂಮಿ ಎಲ್ಲಿಂದ ಬಂತು ಅಂತ ಕೇಳಿದ್ದೆ. ಎಲ್ಲಿಂದಲೂ ಬರಲಿಲ್ಲ, ಬಡ್ಡಿ ಸಾಲದೆ ಅಸಲಿಗೆ ಕೈಹಾಕಿದ್ದೇವೆ. ಬೆಳೆಯುವುದಕ್ಕಿಂತ ಬೇಗ ಮರ ಕಡಿದದ್ದು, ಮರಿ ಹಾಕುವುದಕ್ಕಿಂತ ಬೇಗ ಮೀನು ಹಿಡಿದದ್ದು ಅದರಲ್ಲಿದೆ. ಆದರೆ ದೊಡ್ಡ ಪಾಲು ಇಂಗಾಲದ್ದು. ಒಟ್ಟು ಹೆಜ್ಜೆಗುರುತಿನಲ್ಲಿ ಅದೊಂದೇ ನೂರಕ್ಕೆ 60ರ ಆಸುಪಾಸು. ಹೀರಲು ಕಾಡು ಸಾಲದ ಹೊಗೆ ಗಾಳಿಯಲ್ಲೇ ಉಳಿಯುತ್ತಿದೆ.

ಈ ಖಾತೆಯ ಮೇಲೆ ನನ್ನ ತಕರಾರೂ ಇದೆ. ಲೆಕ್ಕ ತಪಾಸಣೆಯಲ್ಲಿ ನಾನು ಬರೆದದ್ದಕ್ಕಿಂತ ಮೊದಲು ಬಿಟ್ಟದ್ದನ್ನು ಹುಡುಕುತ್ತೇನೆ. ಇಲ್ಲಿ ಉಳುಮೆಯ ನೆಲದ ಬಾಬ್ತಿನಲ್ಲಿ ಕೊರತೆಯೇ ಕಾಣುವುದಿಲ್ಲ. ಏಕೆಂದರೆ ಆ ವರ್ಷ ಬಂದ ಇಳುವರಿಯನ್ನೇ ನೆಲದ ಶಕ್ತಿ ಎಂದು ಹಿಡಿಯುತ್ತಾರೆ. ಮೇಲ್ಮಣ್ಣು ಕೊಚ್ಚಿಹೋಗುತ್ತಿರಲಿ, ಅಂತರ್ಜಲ ಪಾತಾಳ ಸೇರುತ್ತಿರಲಿ, ಫಸಲು ಬಂತೋ, ಲೆಕ್ಕ ಸರಿ! ನಿನ್ನ ಅಂಗಿಗೆ ಸುಮಾರು 2,500 ಲೀಟರ್ ನೀರು ಬೇಕಾಯಿತು. ಅದೂ ಇದರಲ್ಲಿಲ್ಲ. ಅದಕ್ಕೆಂದೇ 2002ರಲ್ಲಿ ಆರ್ಯೆನ್ ಹುಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ ನೀರಿನ ಹೆಜ್ಜೆಗುರುತು ಎಂಬ ಬೇರೆ ಖಾತೆ ತೆರೆದರು. ಅಂದರೆ ಒಂದೂಮುಕ್ಕಾಲು ಎಂಬುದು ಉದಾರವಾಗಿ ಹಾಕಿದ ಲೆಕ್ಕವೇ.

ಹಾಗಂತ ಖಾತೆಯನ್ನೇ ಹರಿದುಹಾಕು ಎನ್ನಲಾರೆ. ಅರೆಬರೆ ಲೆಕ್ಕವಿದ್ದರೆ ಜಗಳವಾದರೂ ಆಡಬಹುದು.

ನಿನ್ನ 1.6ನ್ನು ಅಳಿಸಿಲ್ಲ. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಮತ್ತೆ 2.3 ಬರೆದು ತಾರೀಖು ಹಾಕಿದ್ದೇನೆ. ಮುಂದಿನ ವರ್ಷದ್ದಕ್ಕೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಅಪ್ಪ